ಸಸ್ಯಗಳಲ್ಲಿರುವ ಸೆಲೆನಿಯಂ ಹೃದಯವನ್ನು ಎಷ್ಟರಮಟ್ಟಿಗೆ ಕಾಯುತ್ತದೆ?

ಪ್ರಶ್ನೆ: ನನಗೆ 54 ವರ್ಷ. ನನ್ನ ತಂದೆ 58ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬೆಳ್ಳುಳ್ಳಿ, ಈರುಳ್ಳಿ, ಬ್ರೊಕೋಲಿಗಳಲ್ಲಿರುವ ಸೆಲೆನಿಯಂ ಸಂಯುಕ್ತಗಳು ಹೃದಯಕ್ಕೆ ರಕ್ಷಣೆ ಕೊಡುತ್ತವೆ ಎಂದು ಓದಿದ ಮೇಲೆ ಅವುಗಳನ್ನು ಊಟದಲ್ಲಿ ಹೆಚ್ಚಿಸಿದ್ದೇನೆ. ಜೊತೆಗೆ ಎರಡು ತಿಂಗಳಿಂದ ದಿನಕ್ಕೊಂದರಂತೆ 200 ಮೈಕ್ರೋಗ್ರಾಂ ಸೆಲೆನೋಮೆಥಿಯೋನಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದು ಸಸ್ಯಗಳಲ್ಲಿ ಸಹಜವಾಗಿರುವ ರೂಪ, ಆದ್ದರಿಂದ ಎಷ್ಟು ದಿನ ಬೇಕಾದರೂ ಸೇವಿಸಬಹುದು ಎಂದು ಡಬ್ಬಿಯ ಮೇಲಿದೆ. ಮುಂದುವರಿಸಬಹುದೇ?

ಉತ್ತರ: ತರಕಾರಿ, ಬೆಳ್ಳುಳ್ಳಿಗಳನ್ನು ಖಂಡಿತ ಮುಂದುವರಿಸಿ. ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ನಿಮ್ಮ ರಕ್ತದಲ್ಲಿ ಸೆಲೆನಿಯಂ ಎಷ್ಟಿದೆ ಎಂದು ತಿಳಿದ ಮೇಲೆ ವೈದ್ಯರೊಂದಿಗೆ ಕುಳಿತು ತೀರ್ಮಾನಿಸಿ. ಕೊರತೆ ಇರುವವರ ಹೃದಯಕ್ಕೆ ಸೆಲೆನಿಯಂ ನಿಜವಾಗಿಯೂ ರಕ್ಷಣೆ ಕೊಡುತ್ತದೆ. ಸಾಕಷ್ಟು ಇರುವವರಿಗೆ ಇನ್ನಷ್ಟು ಕೊಟ್ಟರೆ ಲಾಭವಾಗುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು. ತಂದೆಯವರನ್ನು ಆ ವಯಸ್ಸಿನಲ್ಲಿ ಕಳೆದುಕೊಂಡವರು ಕೈಗೆ ಸಿಕ್ಕ ರಕ್ಷಣೆಯನ್ನೆಲ್ಲ ಹಿಡಿದುಕೊಳ್ಳಲು ಬಯಸುವುದು ಸಹಜ. ಆದ್ದರಿಂದಲೇ ಬರಿಯ ‘ಬೇಡ’ ಎನ್ನದೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೆಲೆನಿಯಂ ಧಾತುವನ್ನು 1817ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೇಲಿಯಸ್ ಗಂಧಕಾಮ್ಲ ತಯಾರಿಸುವ ಕಾರ್ಖಾನೆಯೊಂದರ ಕೆಸರಿನಲ್ಲಿ ಗುರುತಿಸಿದರು. ಗಂಧಕದ ಜೊತೆಯಲ್ಲಿ ಅದು ಸಿಕ್ಕಿದ್ದು ಆಕಸ್ಮಿಕವಲ್ಲ. ಆವರ್ತ ಕೋಷ್ಟಕದಲ್ಲಿ ಅದರ ಸ್ಥಾನ ಗಂಧಕದ ನೇರ ಕೆಳಗೆ, ಗುಣದಲ್ಲಿಯೂ ಎರಡೂ ಅಣ್ಣತಮ್ಮಂದಿರಂತೆ. ಸಸ್ಯಗಳಲ್ಲಿ ಸೆಲೆನಿಯಂ ಇರುವುದಕ್ಕೆ ಮೂಲ ಕಾರಣವೇ ಈ ಹೋಲಿಕೆ. ನಮಗೆ ಗೊತ್ತಿರುವ ಮಟ್ಟಿಗೆ ನಾವು ತಿನ್ನುವ ಗಿಡಗಳಿಗೆ ಸೆಲೆನಿಯಂ ಅತ್ಯಗತ್ಯ ಪೋಷಕಾಂಶವಲ್ಲ. ಮಣ್ಣಿನ ನೀರಿನಲ್ಲಿ ಸೆಲೆನೇಟ್ ರೂಪದಲ್ಲಿ ಕರಗಿರುವ ಧಾತುವನ್ನು ಬೇರು ಗಂಧಕದ ರೂಪವಾದ ಸಲ್ಫೇಟ್ ಎಂದೇ ಭಾವಿಸಿ, ಸಲ್ಫೇಟ್ ಬರುವ ದಾರಿಯಲ್ಲಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಬಂದ ಮೇಲೆ ಎಲೆಗಳಲ್ಲಿ ಗಂಧಕಕ್ಕೆ ಆಗಬೇಕಾದ ಸಂಸ್ಕಾರವೆಲ್ಲ ಇದಕ್ಕೂ ಆಗುತ್ತದೆ. ಪ್ರೋಟೀನುಗಳ ಬಿಡಿಭಾಗಗಳಾದ ಅಮೈನೋ ಆಮ್ಲಗಳಲ್ಲಿ ಗಂಧಕ ಕೂರಬೇಕಾದ ಜಾಗಕ್ಕೆ ಸೆಲೆನಿಯಂ ಹೋಗಿ ಕೂರುತ್ತದೆ.

ಧಾನ್ಯ ಮತ್ತು ದ್ವಿದಳ ಕಾಳುಗಳಲ್ಲಿ ಹೀಗೆ ಹುಟ್ಟುವ ಮುಖ್ಯ ಸಂಯುಕ್ತವೇ ನಿಮ್ಮ ಮಾತ್ರೆಯಲ್ಲಿರುವ ಸೆಲೆನೋಮೆಥಿಯೋನಿನ್. ಬೆಳ್ಳುಳ್ಳಿ, ಈರುಳ್ಳಿ ಮತ್ತು ಬ್ರೊಕೋಲಿ ಇನ್ನೊಂದು ಉಪಾಯ ಮಾಡುತ್ತವೆ. ಪ್ರೋಟೀನಿನೊಳಗೆ ತಪ್ಪಾಗಿ ಸೇರಿ ಅದರ ಆಕಾರ ಕೆಡಿಸಬಹುದಾದ ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಮೀಥೈಲ್ ಗುಂಪನ್ನು ಜೋಡಿಸಿ, ಪ್ರೋಟೀನಿಗೆ ಸೇರಲಾಗದ ಮೀಥೈಲ್‌ಸೆಲೆನೋಸಿಸ್ಟೀನ್ ಆಗಿ ಬದಲಿಸಿ ಬದಿಗಿಡುತ್ತವೆ. ಬೆಳ್ಳುಳ್ಳಿಯಲ್ಲಿ ಇದರ ಬಹುಭಾಗ ಗಾಮಾ-ಗ್ಲುಟಾಮಿಲ್ ಎಂಬ ತುಣುಕಿನೊಂದಿಗೆ ಕೂಡಿಕೊಂಡಿರುತ್ತದೆ. ಗಿಡದ ದೃಷ್ಟಿಯಿಂದ ಇದು ತನ್ನನ್ನು ತಾನು ಕಾಪಾಡಿಕೊಳ್ಳುವ ಕ್ರಮ. ನಮ್ಮ ಹೃದಯಕ್ಕೆ ಒಳ್ಳೆಯದಾಗಲೆಂದು ಯಾವ ಗಿಡವೂ ಇದನ್ನು ತಯಾರಿಸುತ್ತಿಲ್ಲ ಎಂಬುದನ್ನು ನೆನಪಿನಲ್ಲಿಡುವುದು ಒಳಿತು, ಏಕೆಂದರೆ ‘ಸಸ್ಯಜನ್ಯ, ಆದ್ದರಿಂದ ನಿರಪಾಯ’ ಎಂಬ ಡಬ್ಬಿಯ ಮಾತು ಸಡಿಲವಾಗುವುದು ಇಲ್ಲಿಯೇ.

ಈ ಎರಡು ರೂಪಗಳು ನಮ್ಮ ದೇಹದೊಳಗೆ ನಡೆಯುವ ದಾರಿಯೂ ಬೇರೆ ಬೇರೆ. ಸೆಲೆನೋಮೆಥಿಯೋನಿನ್ ಕರುಳಿನಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಲ್ಪಡುತ್ತದೆ. ದೇಹ ಅದನ್ನು ಗಂಧಕವುಳ್ಳ ಅಮೈನೋ ಆಮ್ಲವಾದ ಸಾಮಾನ್ಯ ಮೆಥಿಯೋನಿನ್‌ನಿಂದ ಬೇರ್ಪಡಿಸಿ ಗುರುತಿಸುವುದಿಲ್ಲವಾದ್ದರಿಂದ, ಸ್ನಾಯುವಿನ ಪ್ರೋಟೀನು, ರಕ್ತದ ಆಲ್ಬುಮಿನ್, ಹೀಗೆ ಮೆಥಿಯೋನಿನ್ ಬೇಕಾದಲ್ಲೆಲ್ಲ ಅದು ಹೋಗಿ ಸೇರಿ ಅಲ್ಲಿಯೇ ಶೇಖರವಾಗುತ್ತದೆ. ಆ ಪ್ರೋಟೀನು ಮುರಿದಾಗ ಮಾತ್ರ ಸೆಲೆನಿಯಂ ಬಿಡುಗಡೆಯಾಗುತ್ತದೆ. ಕೊರತೆಯ ಕಾಲಕ್ಕೆ ಇದು ಒಳ್ಳೆಯ ಉಗ್ರಾಣ. ಅತಿಯಾದಾಗ ಬೇಗ ಖಾಲಿಯಾಗದ ಉಗ್ರಾಣವೂ ಹೌದು. ಬೆಳ್ಳುಳ್ಳಿಯ ಮೀಥೈಲ್‌ಸೆಲೆನೋಸಿಸ್ಟೀನ್ ಹೀಗೆ ಶೇಖರವಾಗುವುದಿಲ್ಲ, ಒಂದೇ ಹೆಜ್ಜೆಯಲ್ಲಿ ಸೀಳಿ ಮೀಥೈಲ್‌ಸೆಲೆನಾಲ್ ಆಗುತ್ತದೆ. ಕೊನೆಗೆ ಎಲ್ಲ ರೂಪಗಳೂ ಸೆಲೆನೈಡ್ ಎಂಬ ಸಾಮಾನ್ಯ ಕೂಡುದಾಣಕ್ಕೆ ಬರಬಲ್ಲವು. ಅಲ್ಲಿಂದ ಒಂದು ಪಾಲು ಉಪಯೋಗಕ್ಕೆ ಹೋಗುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೊರಬೀಳುತ್ತದೆ.

ಉಪಯೋಗಕ್ಕೆ ಹೋಗುವ ಆ ಪಾಲಿನ ಕಥೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ನಮ್ಮ ವಂಶವಾಹಿ ಸಂಕೇತದಲ್ಲಿ ಯುಜಿಎ ಎಂಬ ಮೂರಕ್ಷರ ಬಂದರೆ ಪ್ರೋಟೀನಿನ ತಯಾರಿ ಅಲ್ಲಿಗೆ ನಿಲ್ಲಬೇಕು. ಆದರೆ ಕೆಲವೇ ಕೆಲವು ಪ್ರೋಟೀನುಗಳ ಆದೇಶದಲ್ಲಿ, ಮುಂದೆ ಬರುವ ವಿಶೇಷವಾಗಿ ಮಡಚಿಕೊಂಡ ಒಂದು ಭಾಗವನ್ನು ಓದಿಕೊಂಡು, ಜೀವಕೋಶವು ಆ ನಿಲುಗಡೆಯ ಗುರುತಿನಲ್ಲಿ ನಿಲ್ಲದೆ ಸೆಲೆನೋಸಿಸ್ಟೀನ್ ಎಂಬ 21ನೇ ಅಮೈನೋ ಆಮ್ಲವನ್ನು ಕೂರಿಸಿ ಮುಂದೆ ಸಾಗುತ್ತದೆ. ಇಂತಹ ಪ್ರೋಟೀನುಗಳಿಗೆ ಸಂಬಂಧಿಸಿದ 25 ವಂಶವಾಹಿಗಳು ಮನುಷ್ಯನಲ್ಲಿವೆ. ಹೃದಯದ ಮಟ್ಟಿಗೆ ಮುಖ್ಯವಾದವು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮತ್ತು ಥಯೋರೆಡಾಕ್ಸಿನ್ ರಿಡಕ್ಟೇಸ್ ಎಂಬ ಎರಡು ಕಿಣ್ವಗಳ ಕುಟುಂಬಗಳು. ಮೊದಲನೆಯದರಲ್ಲಿ ಸೆಲೆನಿಯಂ ಇದೆ ಎಂಬುದು 1973ರಲ್ಲಿ ತಿಳಿಯಿತು. ಗಮನಿಸಿ: ತಿಂದ ಸೆಲೆನೋಸಿಸ್ಟೀನ್ ನೇರವಾಗಿ ಆ ಜಾಗಕ್ಕೆ ಹೋಗಿ ಕೂರುವುದಿಲ್ಲ. ದೇಹ ಅದನ್ನು ಒಡೆದು, ಸ್ಥಳದಲ್ಲಿಯೇ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಈ ಕಿಣ್ವಗಳ ಕೆಲಸವನ್ನು ಹೃದಯಾಘಾತದ ಸಂದರ್ಭದಲ್ಲಿಯೇ ಇಟ್ಟು ನೋಡೋಣ. ರಕ್ತನಾಳ ಕಟ್ಟಿಕೊಂಡಾಗ ಸ್ನಾಯುವಿಗೆ ಆಮ್ಲಜನಕ ತಲುಪುವುದಿಲ್ಲ. ಚಿಕಿತ್ಸೆಯಿಂದ ನಾಳ ತೆರೆದುಕೊಂಡ ಮೊದಲ ಕೆಲವು ನಿಮಿಷಗಳಲ್ಲಿ ಆಮ್ಲಜನಕ ಒಮ್ಮೆಲೇ ನುಗ್ಗಿ ಬಂದು, ಜೀವಕೋಶಕ್ಕೆ ಶಕ್ತಿ ತಯಾರಿಸುವ, ಆದರೆ ಈಗ ದಣಿದಿರುವ ಮಿಟೊಕಾಂಡ್ರಿಯಗಳಿಂದ ಸೂಪರಾಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದರ ಹಿಂದೊಂದು ಹೊಮ್ಮುತ್ತವೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಅವುಗಳಿಗೆ ಸಿಕ್ಕರೆ ಉತ್ಕರ್ಷಿಸುತ್ತದೆ (ಆಮ್ಲಜನಕದೊಂದಿಗೆ ಸೇರಿ ಕೆಡುತ್ತದೆ), ಪೊರೆ ಸೋರತೊಡಗುತ್ತದೆ, ರಕ್ತ ಮರಳಿ ಬಂದ ಮೇಲೂ ಸ್ನಾಯುವಿನ ಒಂದಿಷ್ಟು ಭಾಗ ಸಾಯುತ್ತದೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಹೈಡ್ರೋಜನ್ ಪೆರಾಕ್ಸೈಡನ್ನು ನೀರನ್ನಾಗಿ ಮಾಡುತ್ತದೆ. ಅದೇ ಕುಟುಂಬದ ನಾಲ್ಕನೆಯ ಸದಸ್ಯ ಪೊರೆಯಲ್ಲಿಯೇ ಹುಟ್ಟಿದ ಕೊಬ್ಬಿನ ಪೆರಾಕ್ಸೈಡುಗಳನ್ನು ಅಲ್ಲಿಯೇ ಶಮನಗೊಳಿಸುತ್ತದೆ. ಆರೋಗ್ಯವಂತರ ರಕ್ತನಾಳಗಳ ಒಳಪದರದಲ್ಲಿಯೂ, ಇಷ್ಟು ರಭಸವಾಗಿ ಅಲ್ಲದಿದ್ದರೂ, ಇದೇ ಕೆಲಸ ದಿನವಿಡೀ ನಡೆಯುತ್ತಿರುತ್ತದೆ. ಅಲ್ಲಿ ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಉಳಿಯುವುದಕ್ಕೂ ಕೆಟ್ಟ ಕೊಲೆಸ್ಟರಾಲ್ ಉತ್ಕರ್ಷಿತವಾಗದಿರುವುದಕ್ಕೂ ಈ ಕಿಣ್ವಗಳು ಬೇಕು.

ಪ್ರಾಣಿಗಳ ಹೃದಯದ ಮೇಲೆ ನಡೆದ ಪ್ರಯೋಗಗಳಲ್ಲಿ ಸೆಲೆನಿಯಂ ಇಲ್ಲದ ಆಹಾರ ಕೊಟ್ಟಾಗ ಈ ಹಾನಿ ಹೆಚ್ಚುವುದೂ, ಕೊಟ್ಟಾಗ ಕಡಿಮೆಯಾಗುವುದೂ ಮತ್ತೆ ಮತ್ತೆ ಕಂಡಿದೆ. ಬ್ರೊಕೋಲಿ ತಿನ್ನಿಸಿದ ಇಲಿಗಳ ಹೃದಯವೂ ಇಂತಹ ಆಘಾತವನ್ನು ಚೆನ್ನಾಗಿ ತಾಳಿಕೊಂಡಿದೆ. ಆದರೆ ಬ್ರೊಕೋಲಿಯಲ್ಲಿ ಸಲ್ಫೊರಾಫೇನ್‌ನಂತಹ ಗಂಧಕ ಸಂಯುಕ್ತಗಳೂ ಇವೆ, ಅವು ತಾವಾಗಿಯೇ ದೇಹದ ರಕ್ಷಣಾ ಕಿಣ್ವಗಳನ್ನು ಎಚ್ಚರಿಸುತ್ತವೆ. ಫಲವನ್ನು ಸೆಲೆನಿಯಂ ಒಂದರ ಲೆಕ್ಕಕ್ಕೆ ಬರೆಯಲಾಗದು. ಇನ್ನೂ ಒಂದು ಸೂಕ್ಷ್ಮವಿದೆ. ಬ್ರೊಕೋಲಿಗೆ ಗೊಬ್ಬರದ ಮೂಲಕ ಸೆಲೆನಿಯಂ ಹೆಚ್ಚು ಕೊಟ್ಟರೆ ಅದರಲ್ಲಿ ಸಲ್ಫೊರಾಫೇನ್ ಕಡಿಮೆಯಾಗುತ್ತದೆ, ಏಕೆಂದರೆ ಎರಡು ಧಾತುಗಳೂ ಒಂದೇ ದಾರಿಗಾಗಿ ಸ್ಪರ್ಧಿಸುತ್ತವೆ. ‘ಸೆಲೆನಿಯಂ ಸಮೃದ್ಧ’ ಎಂಬ ಹಣೆಪಟ್ಟಿ ಕಂಡಾಗ ಇದನ್ನು ಮರೆಯಬಾರದು.

ಮನುಷ್ಯರ ವಿಷಯಕ್ಕೆ ಬಂದರೆ, ಸೆಲೆನಿಯಂ ಮತ್ತು ಹೃದಯದ ನಂಟನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದ್ದು ಚೀನಾದ ಕೆಶಾನ್ ರೋಗ. ಈಶಾನ್ಯ ಚೀನಾದ ಕೆಶಾನ್ ಎಂಬಲ್ಲಿ 1935ರಲ್ಲಿ ಗಮನಕ್ಕೆ ಬಂದ ಈ ರೋಗದಲ್ಲಿ, ಮುಖ್ಯವಾಗಿ ಚಿಕ್ಕ ಮಕ್ಕಳ ಮತ್ತು ಹೆರುವ ವಯಸ್ಸಿನ ಹೆಂಗಸರ ಹೃದಯದ ಸ್ನಾಯು ಅಲ್ಲಲ್ಲಿ ಸತ್ತು, ಹೃದಯ ಹಿಗ್ಗಿ, ಸಾವು ಸಂಭವಿಸುತ್ತಿತ್ತು. ರೋಗವಿದ್ದ ಪ್ರದೇಶಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಈಶಾನ್ಯದಿಂದ ನೈರುತ್ಯಕ್ಕೆ ಒಂದು ಪಟ್ಟಿಯೇ ಕಾಣುತ್ತಿತ್ತು, ಆ ಪಟ್ಟಿಯ ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆ. ಅಲ್ಲಿನವರು ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ತಿನ್ನುತ್ತಿದ್ದುದರಿಂದ ದಿನಕ್ಕೆ ಸುಮಾರು 10 ಮೈಕ್ರೋಗ್ರಾಂನಷ್ಟೇ ಅವರಿಗೆ ದೊರೆಯುತ್ತಿತ್ತು. 1974ರಲ್ಲಿ ಸಿಚುವಾನ್ ಪ್ರಾಂತದ ಮಕ್ಕಳಿಗೆ ವಾರಕ್ಕೊಮ್ಮೆ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟು ನೋಡಿದರು. ಮಾತ್ರೆ ಪಡೆದ 4,510 ಮಕ್ಕಳಲ್ಲಿ 10 ಮಂದಿಗೆ ರೋಗ ಬಂದರೆ, ಪಡೆಯದ 3,985 ಮಕ್ಕಳಲ್ಲಿ 54 ಮಂದಿಗೆ ಬಂತು. ಮುಂದಿನ ವರ್ಷವೂ ಹಾಗೆಯೇ ಆಯಿತು. ಕೆಲವು ಮಕ್ಕಳ ಹೃದಯ ಉಳಿದದ್ದನ್ನು ಹೇಳುವ ಈ ಅಂಕಿಗಳನ್ನು ಎಷ್ಟು ಸಲ ಓದಿದರೂ ನನಗೆ ಅವು ಬರಿಯ ಅಂಕಿಗಳಾಗಿ ಕಾಣುವುದಿಲ್ಲ.

ರೋಗ ಋತುವಿನಿಂದ ಋತುವಿಗೆ ಏರಿಳಿಯುತ್ತಿದ್ದುದು ಕೊರತೆಯೊಂದರಿಂದಲೇ ವಿವರಿಸಲಾಗದ ಸಂಗತಿಯಾಗಿತ್ತು. ಕಾಕ್ಸಾಕಿ ಎಂಬ ವೈರಸ್ಸಿನ ಪಾತ್ರವೂ ಇದೆ ಎಂದು ನಂತರ ತಿಳಿಯಿತು. 1990ರ ದಶಕದ ಪ್ರಯೋಗಗಳಲ್ಲಿ, ಹೃದಯಕ್ಕೆ ಹಾನಿ ಮಾಡದ ಕಾಕ್ಸಾಕಿ ತಳಿಯೊಂದು ಸೆಲೆನಿಯಂ ಕೊರತೆಯ ಇಲಿಗಳಲ್ಲಿ ಬೆಳೆದಾಗ ರೂಪಾಂತರಗೊಂಡು ಹಾನಿಕರವಾಯಿತು. ಆಮೇಲೆ ಅದು ಕೊರತೆಯಿಲ್ಲದ ಇಲಿಗಳ ಹೃದಯವನ್ನೂ ಕೆಡಿಸಿತು.

ಕೆಶಾನ್‌ನಂತಹ ತೀವ್ರ ಕೊರತೆ ಇಲ್ಲದ ಕಡೆ ಚಿತ್ರ ಮಸುಕಾಗುತ್ತದೆ. ಫಿನ್ಲೆಂಡಿನಲ್ಲಿ 1982ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಲೀಟರಿಗೆ 45 ಮೈಕ್ರೋಗ್ರಾಂಗಿಂತ ಕಡಿಮೆ ಸೆಲೆನಿಯಂ ಇದ್ದವರಲ್ಲಿ ಹೃದಯದ ರಕ್ತನಾಳ ಕಾಯಿಲೆಯಿಂದಾಗುವ ಸಾವು ಸುಮಾರು ಮೂರು ಪಟ್ಟು ಇತ್ತು. ಆ ದೇಶ 1985ರ ಬೆಳೆಗಾಲದಿಂದ ಗೊಬ್ಬರಗಳಿಗೆ ಸೆಲೆನೇಟ್ ಬೆರೆಸುವುದನ್ನು ಆರಂಭಿಸಿತು. ಗಿಡಗಳು ಅದನ್ನು ಸೆಲೆನೋಮೆಥಿಯೋನಿನ್ ಆಗಿ ಬದಲಿಸಿದವು, ಜನರ ದಿನದ ಸೇವನೆ ಕೆಲವೇ ವರ್ಷಗಳಲ್ಲಿ ಸುಮಾರು 40 ಮೈಕ್ರೋಗ್ರಾಂನಿಂದ 100ನ್ನು ದಾಟಿತು. ಫಿನ್ಲೆಂಡಿನಲ್ಲಿ ಹೃದ್ರೋಗದ ಸಾವು ಇಳಿದದ್ದೂ ನಿಜ. ಆದರೆ ಆ ಇಳಿಕೆ 1970ರ ದಶಕದಲ್ಲಿಯೇ, ಗೊಬ್ಬರಕ್ಕೆ ಸೆಲೆನಿಯಂ ಸೇರುವ ಮೊದಲೇ ಆರಂಭವಾಗಿತ್ತು. ಬೆಣ್ಣೆ ಮತ್ತು ಧೂಮಪಾನ ಕಡಿಮೆಯಾದದ್ದು, ರಕ್ತದೊತ್ತಡಕ್ಕೆ ಚಿಕಿತ್ಸೆ ಸಿಕ್ಕಿದ್ದು ಅದಕ್ಕೆ ಮುಖ್ಯ ಕಾರಣಗಳು. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದವೆಂಬ ಕಾರಣಕ್ಕೆ ಒಂದಕ್ಕೆ ಇನ್ನೊಂದು ಕಾರಣವೆನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಹಲವು ವೀಕ್ಷಣಾ ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ, ದೇಹದ ಸೆಲೆನಿಯಂ ಮಟ್ಟ ಶೇಕಡ 50ರಷ್ಟು ಹೆಚ್ಚಿದ್ದ ಕಡೆ ಹೃದಯದ ರಕ್ತನಾಳ ಕಾಯಿಲೆಯ ಅಪಾಯ ಶೇಕಡ 24ರಷ್ಟು ಕಡಿಮೆ ಕಂಡಿತು. ಒಳ್ಳೆಯ ಊಟ ಮಾಡುವವರಲ್ಲಿ ಸೆಲೆನಿಯಂ ಜೊತೆಗೆ ಉಳಿದ ಪೋಷಕಾಂಶಗಳೂ ಹೆಚ್ಚಿರುತ್ತವೆ, ಆದ್ದರಿಂದ ಇಂತಹ ನಂಟನ್ನು ಮಾತ್ರೆ ಮತ್ತು ಔಷಧವಿಲ್ಲದ ಹುಸಿಮಾತ್ರೆಗಳ ನೇರ ಹೋಲಿಕೆಯಿಂದ ಪರೀಕ್ಷಿಸಲೇಬೇಕು. ಅತಿ ದೊಡ್ಡ ಪರೀಕ್ಷೆಯಾದ ಸೆಲೆಕ್ಟ್‌ನಲ್ಲಿ 35,533 ಗಂಡಸರು ಪಾಲ್ಗೊಂಡಿದ್ದರು. ಕೊಟ್ಟದ್ದು ನೀವು ಸೇವಿಸುತ್ತಿರುವುದನ್ನೇ: ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನೋಮೆಥಿಯೋನಿನ್. ಐದು ವರ್ಷಗಳಿಗೂ ಮಿಕ್ಕಿ ಗಮನಿಸಿದ ಮೇಲೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವೇ ಕಾಣಲಿಲ್ಲ. ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ 12 ಪರೀಕ್ಷೆಗಳ 19,715 ಜನರ ಮಾಹಿತಿಯನ್ನು ಪರಿಶೀಲಿಸಿ, ಹೃದ್ರೋಗ ತಡೆಗೆಂದು ಸೆಲೆನಿಯಂ ಮಾತ್ರೆ ಸೇವಿಸುವುದಕ್ಕೆ ಆಧಾರವಿಲ್ಲ ಎಂದಿತು.

ಇದಕ್ಕೆ ಎದುರಾಗಿ ಕಾಣುವ ಫಲಿತಾಂಶವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ವೀಡನ್ನಿನ 443 ಹಿರಿಯ ನಾಗರಿಕರಲ್ಲಿ ನಾಲ್ಕು ವರ್ಷ ನಡೆದ ಪರೀಕ್ಷೆಯಲ್ಲಿ 200 ಮೈಕ್ರೋಗ್ರಾಂ ಸೆಲೆನಿಯಂ ಜೊತೆ 200 ಮಿಲಿಗ್ರಾಂ ಕೋಎಂಜೈಮ್ ಕ್ಯೂ10 (ಜೀವಕೋಶದ ಶಕ್ತಿ ತಯಾರಿಗೆ ಬೇಕಾದ ವಸ್ತು) ಪಡೆದವರಲ್ಲಿ ಹೃದಯ ಸಂಬಂಧಿ ಸಾವು ಶೇಕಡ 5.9, ಹುಸಿಮಾತ್ರೆ ಪಡೆದವರಲ್ಲಿ ಶೇಕಡ 12.6. ಇದು ಸಣ್ಣ ಪರೀಕ್ಷೆ, ಎರಡು ವಸ್ತುಗಳನ್ನು ಕೂಡಿಸಿ ಕೊಟ್ಟದ್ದು. ಆದರೂ ನನ್ನ ದೃಷ್ಟಿಯಲ್ಲಿ ಅದನ್ನು ಸೆಲೆಕ್ಟ್‌ನಿಂದ ಬೇರ್ಪಡಿಸುವುದು ಆರಂಭದ ರಕ್ತಮಟ್ಟ. ಸ್ವೀಡನ್ನಿನವರಲ್ಲಿ ಅದು ಲೀಟರಿಗೆ ಸುಮಾರು 67 ಮೈಕ್ರೋಗ್ರಾಂ, ಸೆಲೆಕ್ಟ್‌ನ ಗಂಡಸರಲ್ಲಿ ಸುಮಾರು 135. ಒಣಗಿದ ಗಿಡಕ್ಕೂ ನೀರು ನಿಂತ ಪಾತಿಗೂ ಒಂದೇ ಕೊಡ ನೀರು ಹೊಯ್ದಂತಾಯಿತು. ಹೃದಯ ವೈಫಲ್ಯದ 2,516 ರೋಗಿಗಳನ್ನು ಗಮನಿಸಿದ ಯುರೋಪಿನ ಅಧ್ಯಯನದಲ್ಲಿಯೂ ಲೀಟರಿಗೆ 70ಕ್ಕಿಂತ ಕಡಿಮೆ ಇದ್ದವರ ಸ್ಥಿತಿ ಉಳಿದವರಿಗಿಂತ ಕೆಟ್ಟಿತ್ತು. ಕಿಣ್ವಗಳಿಗೂ ಒಂದು ಮಿತಿಯಿದೆ. ರಕ್ತದ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಲೀಟರಿಗೆ ಸುಮಾರು 90 ಮೈಕ್ರೋಗ್ರಾಂ ಹೊತ್ತಿಗೆ ತನ್ನ ಪೂರ್ಣ ಶಕ್ತಿ ತಲುಪುತ್ತದೆ, ಸೆಲೆನಿಯಂ ಸಾಗಿಸುವ ಸೆಲೆನೋಪ್ರೋಟೀನ್-ಪಿ ಸುಮಾರು 125ರ ಹೊತ್ತಿಗೆ. ಅದರಾಚೆಗೆ ಸುರಿದದ್ದಕ್ಕೆ ಮಾಡಲು ಕೆಲಸವಿಲ್ಲ.

ಕೆಲಸವಿಲ್ಲದ ಸೆಲೆನಿಯಂ ಸುಮ್ಮನೆ ಕೂರುವುದೂ ಇಲ್ಲ. ಅಮೆರಿಕದಲ್ಲಿ ಚರ್ಮದ ಕ್ಯಾನ್ಸರ್ ಬಂದಿದ್ದವರ ಮೇಲೆ ನಡೆದ ಹಿಂದಿನ ಪರೀಕ್ಷೆಯೊಂದರಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಪಡೆದವರಲ್ಲಿ ಟೈಪ್ 2 ಮಧುಮೇಹ ಸುಮಾರು ಒಂದೂವರೆ ಪಟ್ಟು ಕಂಡಿತು, ಮೊದಲೇ ಹೆಚ್ಚು ಸೆಲೆನಿಯಂ ಇದ್ದವರಲ್ಲಿ ಅದು ಇನ್ನಷ್ಟು ಹೆಚ್ಚು. ಮಧುಮೇಹ ಹೃದಯಕ್ಕೆ ಏನು ಮಾಡುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಇನ್ನೂ ಹೆಚ್ಚಿದರೆ ಕೂದಲು ಉದುರುತ್ತದೆ, ಉಗುರು ಬೆಳ್ಳಗೆ ಗೆರೆಗೆರೆಯಾಗಿ ಪುಡಿಯಾಗುತ್ತದೆ, ಬೆಳ್ಳುಳ್ಳಿ ತಿನ್ನದಿದ್ದರೂ ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಚೀನಾದ ಎನ್ಶಿ ಪ್ರದೇಶದಲ್ಲಿ 1960ರ ದಶಕದಲ್ಲಿ ಮಾತ್ರೆಯ ಸುಳಿವೇ ಇಲ್ಲದೆ, ಕೇವಲ ಸೆಲೆನಿಯಂ ಅತಿಯಾಗಿದ್ದ ಮಣ್ಣಿನಲ್ಲಿ ಬೆಳೆದ ಬೆಳೆಗಳಿಂದ ಜನರಿಗೆ ಹೀಗಾಯಿತು. ಸಸ್ಯದ ರೂಪ ನಿರಪಾಯವೆಂಬ ಮಾತಿಗೆ ಆ ಊರುಗಳೇ ಉತ್ತರ.

ಇನ್ನು ನಿಮ್ಮ ತಟ್ಟೆಯ ಲೆಕ್ಕ. ವಯಸ್ಕರಿಗೆ ಅಮೆರಿಕ ದಿನಕ್ಕೆ 55 ಮೈಕ್ರೋಗ್ರಾಂ ಸಾಕೆನ್ನುತ್ತದೆ, ಯುರೋಪು 70 ಎನ್ನುತ್ತದೆ. ಸುರಕ್ಷಿತ ಮೇಲ್ಮಿತಿ ಅಮೆರಿಕದಲ್ಲಿ 400, ಯುರೋಪಿನಲ್ಲಿ 2023ರಿಂದ 255. ಇದು ಆಹಾರ ಮತ್ತು ಮಾತ್ರೆ ಎರಡೂ ಸೇರಿದ ಲೆಕ್ಕ. ನಿಮ್ಮ 200ಕ್ಕೆ ಊಟದ ಪಾಲು ಸೇರಿದರೆ ಯುರೋಪಿನ ಮಿತಿಯ ಅಂಚಿಗೆ, ಬಹುಶಃ ಅದರಾಚೆಗೇ ಹೋಗುತ್ತೀರಿ. ಬೆಳ್ಳುಳ್ಳಿಯಿಂದ ಬರುವುದು ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಸಾಮಾನ್ಯ ಮಣ್ಣಿನಲ್ಲಿ ಬೆಳೆದ ಬೆಳ್ಳುಳ್ಳಿಯಲ್ಲಿ 100 ಗ್ರಾಂಗೆ ಸುಮಾರು 14 ಮೈಕ್ರೋಗ್ರಾಂ, ಬ್ರೊಕೋಲಿಯಲ್ಲಿ ಎರಡು ಮೂರು ಮೈಕ್ರೋಗ್ರಾಂ ಅಷ್ಟೇ. ಮೂರು ಗ್ರಾಂ ತೂಗುವ ಒಂದು ಎಸಳಿನಿಂದ ಅರ್ಧ ಮೈಕ್ರೋಗ್ರಾಂ ಕೂಡ ಸಿಗದು. ಸಂಶೋಧನೆಗಳಲ್ಲಿ ಬಳಸಿದ್ದು ಸೆಲೆನಿಯಂ ಉಣಿಸಿ ಬೆಳೆಸಿದ ಬೆಳ್ಳುಳ್ಳಿ, ಅದರಲ್ಲಿ ಇದರ ನೂರಾರು ಪಟ್ಟು ಇರಬಹುದು. ಬೆಳ್ಳುಳ್ಳಿಯನ್ನು ಅದರ ಗಂಧಕ ಸಂಯುಕ್ತಗಳಿಗಾಗಿ, ರುಚಿಗಾಗಿ ತಿನ್ನಿ. ಸೆಲೆನಿಯಂಗಾಗಿ ಅದನ್ನು ನೆಚ್ಚಿಕೊಳ್ಳಬೇಡಿ.

ಸಸ್ಯಾಹಾರದಲ್ಲಿ ಸೆಲೆನಿಯಂನ ನಿಜವಾದ ಆಧಾರ ಧಾನ್ಯ, ಮತ್ತು ಧಾನ್ಯಕ್ಕೆ ಆಧಾರ ಮಣ್ಣು. ಕ್ಷಾರ ಗುಣದ, ಗಾಳಿಯಾಡುವ ಮಣ್ಣಿನಲ್ಲಿ ಅದು ಸೆಲೆನೇಟ್ ಆಗಿ ಬೇರಿಗೆ ಸುಲಭವಾಗಿ ಸಿಗುತ್ತದೆ. ಆಮ್ಲೀಯ, ಕಬ್ಬಿಣ ಹೆಚ್ಚಿರುವ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರಿಟನ್ ಒಂದು ಕಾಲಕ್ಕೆ ಉತ್ತರ ಅಮೆರಿಕದ ಗೋಧಿಯನ್ನು ಹೆಚ್ಚಾಗಿ ತರಿಸಿಕೊಳ್ಳುತ್ತಿತ್ತು, ಬಳಿಕ ಯುರೋಪಿನ ಗೋಧಿಗೆ ಬದಲಾಯಿಸಿಕೊಂಡಿತು. ಜನರ ಬ್ರೆಡ್ಡು ನೋಡಲಿಕ್ಕೆ ಅದೇ ಬ್ರೆಡ್ಡಾಗಿದ್ದರೂ ದಿನದ ಸೆಲೆನಿಯಂ ಸೇವನೆ ಸುಮಾರು 60 ಮೈಕ್ರೋಗ್ರಾಂನಿಂದ ಅದರ ಅರ್ಧದಷ್ಟಕ್ಕೆ ಕುಸಿಯಿತು. ‘ಗೋಧಿಯಲ್ಲಿ ಇಷ್ಟು’ ಎಂಬ ಯಾವ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬಾರದೆನ್ನುವುದು ಈ ಕಾರಣಕ್ಕೆ. ಬ್ರೆಜಿಲ್ ನಟ್ ವಿಷಯದಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಒಂದು ಬೀಜದಲ್ಲಿ 50ರಿಂದ 90 ಮೈಕ್ರೋಗ್ರಾಂ ಇರಬಹುದು, ಬೇರೆ ಕಾಡಿನಿಂದ ಬಂದದ್ದರಲ್ಲಿ 10 ಕೂಡ ಇಲ್ಲದಿರಬಹುದು. ನ್ಯೂಜಿಲೆಂಡಿನ ಒಂದು ಪರೀಕ್ಷೆಯಲ್ಲಿ ದಿನಕ್ಕೆ ಎರಡು ಬೀಜ ತಿಂದವರಿಗೆ 100 ಮೈಕ್ರೋಗ್ರಾಂ ಮಾತ್ರೆಯಷ್ಟೇ ಫಲ 12 ವಾರಗಳಲ್ಲಿ ದೊರೆಯಿತು. ತಿನ್ನುವ ಇಷ್ಟವಿದ್ದರೆ ದಿನಕ್ಕೆ ಒಂದು ಸಾಕು, ಮುಷ್ಟಿ ತುಂಬ ಬೇಡ. ಮಾತ್ರೆಯ ಜೊತೆಗಂತೂ ಬೇಡವೇ ಬೇಡ.

ರಕ್ತ ಪರೀಕ್ಷೆಯನ್ನು ನಾಳೆಯೇ ಮಾಡಿಸಬೇಡಿ. ಎರಡು ತಿಂಗಳ ಸೆಲೆನೋಮೆಥಿಯೋನಿನ್ ನಿಮ್ಮ ಸ್ನಾಯುವಿನಲ್ಲೂ ಆಲ್ಬುಮಿನ್‌ನಲ್ಲೂ ಸೇರಿಕೊಂಡಿರುತ್ತದೆ, ಈಗ ಬರುವ ಅಂಕಿ ಮಾತ್ರೆಯದೇ ಹೊರತು ನಿಮ್ಮ ಊಟದ್ದಲ್ಲ. ಮೂರು ತಿಂಗಳು ಬಿಟ್ಟು, ಜ್ವರ ಅಥವಾ ಸೋಂಕು ಇಲ್ಲದ ದಿನ ನೋಡಿ ಸೀರಂ ಸೆಲೆನಿಯಂ ಪರೀಕ್ಷೆ ಮಾಡಿಸಿ. ಉರಿಯೂತ ಇದ್ದಾಗ ರಕ್ತದ ಮಟ್ಟ ತಾನಾಗಿ ಇಳಿದು ಕೊರತೆಯಂತೆ ತೋರುತ್ತದೆ. ಅಂಕಿ ಲೀಟರಿಗೆ 70ಕ್ಕಿಂತ ಕಡಿಮೆ ಬಂದರೆ ಆಹಾರ ಬದಲಿಸುವುದೋ, 50ರಿಂದ 100 ಮೈಕ್ರೋಗ್ರಾಂ ಮಾತ್ರೆಯನ್ನು ಕೆಲಕಾಲ ಸೇವಿಸುವುದೋ ಎಂದು ವೈದ್ಯರು ಹೇಳುತ್ತಾರೆ. 100ರ ಮೇಲಿದ್ದರೆ ಆ ಡಬ್ಬಿಯನ್ನು ಮತ್ತೆ ತೆರೆಯಬೇಡಿ. ಅದಕ್ಕಾಗಿ ಕಾಯುವ ಈ ಮೂರು ತಿಂಗಳಲ್ಲಿ ರಕ್ತದೊತ್ತಡ, ಸಕ್ಕರೆ ಮತ್ತು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಪರೀಕ್ಷೆಗಳನ್ನು ಮಾತ್ರ ಮುಂದೂಡಬೇಡಿ. ತಂದೆಯವರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂಬುದನ್ನು ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಿ.